ಕಡಲ ಮೇಲಿನ ತರಗತಿಯಲ್ಲಿ ಏಳು ದಿನ

ದೇಶ ಸುತ್ತಬೇಕು, ಕೋಶ ಓದಬೇಕು ಎಂಬುದು ನಮ್ಮ ಹಿರಿಯರು ಹೇಳುತ್ತ ಬಂದ ಮಾತು. ಇವೆರಡರಲ್ಲಿ ಒಂದು ಒದಗಿದವರಿಗೆ ಇನ್ನೊಂದು ಒದಗುವುದು ವಿರಳ. ಕೋಶ ಓದುವವರು ಮನೆಯ ಮೂಲೆಯಲ್ಲಿ ಪುಸ್ತಕದ ಮುಂದೆ ಕುಳಿತಿರುತ್ತಾರೆ. ದೇಶ ಸುತ್ತುವವರಿಗೆ ಪುಸ್ತಕ ತೆರೆಯುವಷ್ಟು ವ್ಯವಧಾನವಿರುವುದಿಲ್ಲ. ಎರಡನ್ನೂ ಒಂದೇ ಹಡಗಿನಲ್ಲಿ ಕೂಡಿಸಿಟ್ಟ ಅಪೂರ್ವವಾದ ವಿದ್ಯಾಸಂಸ್ಥೆಯೊಂದುಂಟು. ಅಲ್ಲಿ ಕೆಲವೇ ದಿನಗಳ ಮಟ್ಟಿಗಾದರೂ ಅಧ್ಯಾಪಕನಾಗಿ ಪಾಠ ಹೇಳುವ ಸುಯೋಗವು ೧೯೯೮ನೆಯ ಇಸವಿಯಲ್ಲಿ ನನ್ನ ಪಾಲಿಗೆ ಬಂದಿತು. ನಮ್ಮ ಶಾಲೆಯ ಸ್ಮರಣ ಸಂಚಿಕೆಗೆ ಒಂದು ಲೇಖನ ಬರೆಯಬೇಕೆಂದು ಸಂಪಾದಕ ಮಂಡಲಿಯವರು ವಿಶ್ವಾಸದಿಂದ ಕೇಳಿದಾಗ, ಶ್ರೀಮಠದ ಪ್ರಸಾದ ನಿಲಯದಲ್ಲಿ ಉಂಡು ಬೆಳೆದ ಜಯಪುರದ ಹುಡುಗನೊಬ್ಬನಿಗೆ ಆ ಸುಯೋಗ ಹೇಗೆ ಬಂದಿತು, ಅಲ್ಲಿ ಅವನು ಹೇಳಿದ ಪಾಠವೇನು, ಕಲಿತು ಬಂದುದೇನು ಎಂಬುದನ್ನು ನಿವೇದಿಸಿಕೊಳ್ಳುವುದೇ ಸೂಕ್ತವೆಂದು ತೋರಿತು. ಇದು ಪ್ರವಾಸ ಕಥನವಲ್ಲ. ಅಧ್ಯಾಪಕನೊಬ್ಬನ ವರದಿಯೆಂದು ವಾಚಕರು ತಿಳಿಯಬೇಕಾಗಿ ಪ್ರಾರ್ಥನೆ.

ಹಡಗಿನಲ್ಲಿ ವಿಶ್ವವಿದ್ಯಾಲಯವನ್ನು ನಡೆಸುವ ಕಲ್ಪನೆ ಹೊಸದಲ್ಲ. ನ್ಯೂಯಾರ್ಕ್ ವಿಶ್ವವಿದ್ಯಾಲಯದಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಜೇಮ್ಸ್ ಲಾಫ್ ಎಂಬವರು ಪುಸ್ತಕದಿಂದ ಕಲಿಯುವುದಕ್ಕಿಂತ ಕಣ್ಣಾರೆ ಕಂಡು ಕಲಿಯುವುದು ಮೇಲೆಂದು ನಂಬಿದವರು. ಅವರ ಪ್ರಯತ್ನದಿಂದ ೧೯೨೬ರ ಸೆಪ್ಟೆಂಬರಿನಲ್ಲಿ ‘ರಿಂಡಾಮ್’ ಎಂಬ ಹಡಗು ಸುಮಾರು ಐನೂರು ವಿದ್ಯಾರ್ಥಿಗಳನ್ನು ಹೊತ್ತು ಅಮೆರಿಕದಿಂದ ಹೊರಟು, ಭೂಪ್ರದಕ್ಷಿಣೆ ಮಾಡಿ ೧೯೨೭ರ ಮೇ ತಿಂಗಳಲ್ಲಿ ಹಿಂದಿರುಗಿತು. ಆ ಪ್ರಯೋಗ ಮುಂದೆ ನಿಂತುಹೋಯಿತು. ೧೯೬೩ರಲ್ಲಿ ‘ಸಪ್ತಸಾಗರಗಳ ವಿಶ್ವವಿದ್ಯಾಲಯ’ ಎಂಬ ಹೆಸರಿನಿಂದ ಅದು ಮತ್ತೆ ಚಿಗುರಿತು. ಹಾಂಕಾಂಗಿನ ಹಡಗು ಒಡೆಯರಾದ ಸಿ. ವೈ. ಟುಂಗ್ ಅವರು ಈ ಕಾರ್ಯಕ್ಕೆ ಒತ್ತಾಸೆಯಾಗಿ ನಿಂತರು. ‘ಕ್ವೀನ್ ಎಲಿಜಬೆತ್’ ಎಂಬ ಜಗತ್ಪ್ರಸಿದ್ಧ ಹಡಗನ್ನೇ ಕೊಂಡು ಅದನ್ನು ತೇಲುವ ವಿಶ್ವವಿದ್ಯಾಲಯವನ್ನಾಗಿ ಮಾಡಲು ಅವರು ಹೊರಟಿದ್ದರು. ೧೯೭೨ರ ಜನವರಿಯಲ್ಲಿ ಆ ಹಡಗು ಹಾಂಕಾಂಗ್ ಬಂದರಿನಲ್ಲೇ ಬೆಂಕಿಗೆ ಆಹುತಿಯಾಯಿತು. ಆದರೂ ಅವರು ಸಂಕಲ್ಪವನ್ನು ಕೈಬಿಡಲಿಲ್ಲ. ಚಿಕ್ಕದಾದ ಮತ್ತೊಂದು ಹಡಗಿನಲ್ಲಿ ವಿದ್ಯಾಕಾರ್ಯ ಮುಂದುವರಿಯಿತು. ದಾನಿಗಳಾದವರು ಈ ಒಂದು ಸಂಗತಿಯನ್ನು ಮನಸ್ಸಿನಲ್ಲಿಡಬೇಕೆಂದು ನನ್ನ ಬಿನ್ನಹ. ೧೯೭೭ರಿಂದ ‘ಸೆಮಿಸ್ಟರ್ ಅಟ್ ಸೀ’ ಎಂಬ ಹೆಸರು ಬಂದಿತು. ೧೯೮೧ರಿಂದ ಸುಮಾರು ಕಾಲು ಶತಮಾನ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯವೂ, ೨೦೦೬ರಿಂದ ವರ್ಜೀನಿಯಾ ವಿಶ್ವವಿದ್ಯಾಲಯವೂ ಇದರ ವಿದ್ಯಾಭಾರವನ್ನು ಹೊತ್ತವು. ೨೦೧೬ರಲ್ಲಿ ಅದು ಕೊಲೊರಾಡೊ ರಾಜ್ಯ ವಿಶ್ವವಿದ್ಯಾಲಯಕ್ಕೆ ಬಂದಿತು.

ಇದರ ಕ್ರಮ ಸರಳವಾದುದು. ಸುಮಾರು ನೂರು ದಿನಗಳ ಪ್ರಯಾಣ, ಹತ್ತರಷ್ಟು ಬಂದರುಗಳು. ಹಡಗು ನೀರಿನ ಮೇಲಿರುವಷ್ಟು ದಿನವೂ ತರಗತಿಗಳು. ಭಾನುವಾರವೆಂಬ ವಿನಾಯಿತಿ ಇಲ್ಲ. ಬಂದರು ತಲಪಿದೊಡನೆ ಪುಸ್ತಕ ಮುಚ್ಚಿ ಇಳಿದು, ಓದಿದುದನ್ನು ಕಣ್ಣಿನಿಂದ ಪರೀಕ್ಷಿಸಿ ನೋಡಬೇಕು. ಒಂದು ದೇಶವನ್ನು ಸೇರುವ ಮುನ್ನ ಆ ದೇಶದವನೇ ಆದ ಒಬ್ಬ ಅಧ್ಯಾಪಕನನ್ನು ಹಿಂದಿನ ಬಂದರಿನಲ್ಲಿಯೇ ಹತ್ತಿಸಿಕೊಂಡು, ನಡುವಣ ದಿನಗಳಲ್ಲಿ ಅವನಿಂದ ತನ್ನ ನಾಡಿನ ಬಗ್ಗೆ ಪಾಠ ಹೇಳಿಸುವುದು ಅಲ್ಲಿನ ಒಂದು ಒಳ್ಳೆಯ ಸಂಪ್ರದಾಯ. ‘ಬಂದರುಗಳ ನಡುವಣ ಉಪನ್ಯಾಸಕ’ ಎಂಬುದು ಅವನಿಗಿರುವ ಹೆಸರು. ನನಗೆ ದೊರೆತದ್ದು ಈ ಸ್ಥಾನ. ಕೆನ್ಯಾದ ಮೊಂಬಾಸಾದಲ್ಲಿ ಹತ್ತಿ ಚೆನ್ನೈಯಲ್ಲಿ ಇಳಿಯಬೇಕು; ನಡುವೆ ಏಳು ದಿನ.

ಆ ಕಾಲಕ್ಕೆ ನಾನು ಕಾಲೇಜೊಂದರಲ್ಲಿ ಭೂಗೋಳಶಾಸ್ತ್ರದ ಅಧ್ಯಾಪಕನಾಗಿದ್ದೆ. ವಿದೇಶವನ್ನು ಕಂಡವನಲ್ಲ. ಅದಕ್ಕೆ ಕೆಲವು ವರ್ಷಗಳ ಹಿಂದೆ ಮಲೆನಾಡಿನ ಕಾಡುಗಳ ಬಗ್ಗೆ ಅಧ್ಯಯನ ನಡೆಸಲು ಬಂದಿದ್ದ ಅಮೆರಿಕದ ವಿದ್ವಾಂಸರೊಬ್ಬರು ಜಯಪುರದ ನಮ್ಮ ಮನೆಯಲ್ಲಿ ಮೂರು ತಿಂಗಳು ತಂಗಿದ್ದರು. ಮಳೆಗಾಲದಲ್ಲಿ ಗೊರಬು ಹೊದ್ದು ಗದ್ದೆಯ ಅಂಚಿನಲ್ಲಿ ನನ್ನೊಡನೆ ನಡೆಯುತ್ತ ಮಣ್ಣು, ಸೊಪ್ಪಿನಬೆಟ್ಟ, ತೋಟದ ಕಾಲುವೆಗಳ ವಿಚಾರವನ್ನು ಕೇಳಿ ಬರೆದುಕೊಳ್ಳುತ್ತಿದ್ದರು. ಅವರು ನನ್ನ ಹೆಸರನ್ನು ಸೂಚಿಸಿದುದರಿಂದ ಪತ್ರ ಬಂದಿತು. ಇಂಥ ಅವಕಾಶಗಳು ದೆಹಲಿ, ಮುಂಬಯಿಗಳ ದೊಡ್ಡ ವಿದ್ವಾಂಸರಿಗೆ ಸಲ್ಲತಕ್ಕವೆಂದು ನನ್ನ ಸಹೋದ್ಯೋಗಿಗಳಲ್ಲಿ ಕೆಲವರು ಹೇಳಿದರು. ಅವರ ಮಾತಿನಲ್ಲಿ ಅಸೂಯೆಯಿರಲಿಲ್ಲ, ನನ್ನ ವಿಷಯದಲ್ಲಿ ಕಾಳಜಿಯೇ ಇತ್ತು. ರಜೆಯ ಮಂಜೂರಾತಿ, ನಿರಾಕ್ಷೇಪಣಾ ಪತ್ರ, ಪಾಸ್‌ಪೋರ್ಟು, ಕೆನ್ಯಾದಿಂದ ಬರುವವರಿಗೆ ಕಡ್ಡಾಯವಾದ ಪೀತಜ್ವರದ ಚುಚ್ಚುಮದ್ದು ಎಂದು ಎರಡು ತಿಂಗಳು ಓಡಾಡಿದ್ದಾಯಿತು. ಎಂಬತ್ತು ದಾಟಿದ್ದ ನಮ್ಮ ದೊಡ್ಡಪ್ಪನವರು ಎಲ್ಲವನ್ನೂ ಕೇಳಿಸಿಕೊಂಡು, “ಎಲೆಯಡಿಕೆ ಕಟ್ಟಿಕೊಂಡು ಹೋಗು ಮಗಾ, ಉಗುಳುವುದಕ್ಕೆ ಸಮುದ್ರವೇ ಇದೆ” ಎಂದು ನಕ್ಕು ಹರಸಿದರು.

ನನ್ನನ್ನು ಕಾಡಿದ ಪ್ರಶ್ನೆ ಬೇರೆಯದು. ಪತ್ರದಲ್ಲಿ ‘ಭಾರತ’ ಎಂಬ ವಿಷಯವನ್ನು ಕುರಿತು ಪಾಠ ಹೇಳಬೇಕೆಂದಿತ್ತು. ಏಳು ದಿನಗಳಲ್ಲಿ, ಬೇರೆ ಅಧ್ಯಾಪಕರ ತರಗತಿಗಳ ನಡುವೆ ಸಿಗುವ ಕೆಲವೇ ಗಂಟೆಗಳಲ್ಲಿ, ಭಾರತವನ್ನು ಹೇಳುವುದೆಂದರೇನು? ಹಿಮಾಲಯದಿಂದ ಕನ್ಯಾಕುಮಾರಿಯವರೆಗೆ ಎಂದು ಆರಂಭಿಸಿದರೆ ಭೂಪಟದ ಮೇಲೆ ಕೋಲು ಓಡಿಸಿದಂತಾಗುತ್ತದೆಯೇ ಹೊರತು ಪಾಠವಾಗುವುದಿಲ್ಲ. ಕೇಳುವವರು ಇಪ್ಪತ್ತರ ಆಸುಪಾಸಿನ ಯುವಕ ಯುವತಿಯರು. ಎಂಟನೆಯ ದಿನ ಅವರು ಚೆನ್ನೈಯ ಬಂದರಿನಲ್ಲಿ ಇಳಿಯುವವರು. ಬಡತನವನ್ನು ಮಾತ್ರ ಕಂಡು ಮರುಗಿ ಹೋಗುವರೋ, ಗೋಪುರಗಳನ್ನು ಮಾತ್ರ ಕಂಡು ಬೆರಗಾಗಿ ಹೋಗುವರೋ, ಇಲ್ಲವೆ ಮನುಷ್ಯರನ್ನು ಕಂಡು ಹೋಗುವರೋ ಎಂಬುದು ಒಂದಿಷ್ಟಾದರೂ ನನ್ನ ಪಾಠವನ್ನು ಅವಲಂಬಿಸಿತ್ತು. ಅನೇಕರ ಪಾಲಿಗೆ ಜೀವಮಾನದಲ್ಲಿ ಭಾರತದ ದರ್ಶನ ಅದೊಂದೇ ಸಲ.

ಆಗ ನನಗೆ ದಾರಿ ತೋರಿದುದು ಈ ಶಾಲೆಯಲ್ಲಿ ಕಲಿತ ಒಂದು ಪಾಠ. ನಮಗೆ ಭೂಗೋಳ ಹೇಳುತ್ತಿದ್ದ ಮೇಷ್ಟ್ರು ಜೂನ್ ತಿಂಗಳಲ್ಲಿ ಶಾಲೆ ಆರಂಭವಾಗಿ ಮಳೆ ಹಿಡಿಯಿತೆಂದರೆ ಇಡೀ ತರಗತಿಯನ್ನು ಜಗುಲಿಗೆ ಕರೆತಂದು ನಿಲ್ಲಿಸುತ್ತಿದ್ದರು. ಹಂಚಿನ ಮಾಡಿನಿಂದ ಸುರಿಯುವ ನೀರನ್ನು ತೋರಿಸಿ, “ಈ ನೀರು ಎಲ್ಲಿಗೆ ಹೋಗುತ್ತದೆ?” ಎಂದು ಕೇಳುತ್ತಿದ್ದರು. ಚರಂಡಿಗೆ ಎಂದು ಒಬ್ಬ, ಹಳ್ಳಕ್ಕೆ ಎಂದು ಇನ್ನೊಬ್ಬ, ಹೊಳೆಗೆ ಎಂದು ಮತ್ತೊಬ್ಬ ಹೇಳುತ್ತಿದ್ದರು. “ಹೊಳೆ ಎಲ್ಲಿಗೆ?” ಸಮುದ್ರಕ್ಕೆ. “ಯಾವ ಸಮುದ್ರಕ್ಕೆ?” ಘಟ್ಟದ ಕೆಳಗೇ ಅರಬ್ಬೀ ಸಮುದ್ರವಿರುವಾಗ ಇನ್ನಾವುದನ್ನು ಹೇಳುವುದು? ಎಲ್ಲರೂ ಒಕ್ಕೊರಲಿನಿಂದ ಅದನ್ನೇ ಹೇಳುತ್ತಿದ್ದೆವು. ಮೇಷ್ಟ್ರು ನಗುತ್ತಿದ್ದರು. ಅನಂತರ ಸೀಮೆಸುಣ್ಣದಿಂದ ಜಗುಲಿಯ ನೆಲದ ಮೇಲೆಯೇ ನಕ್ಷೆ ಬರೆದು, ನಮ್ಮ ನೀರು ಹತ್ತಿರದ ಕಡಲಿಗೆ ಬೆನ್ನು ತಿರುಗಿಸಿ, ಇಡೀ ದಖನ್ ಪ್ರಸ್ಥಭೂಮಿಯನ್ನು ದಾಟಿ ಬಂಗಾಳ ಕೊಲ್ಲಿಯನ್ನು ಸೇರುವ ಬಗೆಯನ್ನು ತೋರಿಸುತ್ತಿದ್ದರು. ನಿಂತ ನೆಲದಿಂದ ಆರಂಭಿಸಿ ಲೋಕಕ್ಕೆ ಹೋಗಬೇಕು ಎಂಬುದು ಅವರ ಬೋಧನ ಕ್ರಮ. ಅದನ್ನೇ ನಾನೂ ಹಿಡಿದೆ. ಭಾರತವೆಂಬ ಹೆಸರಿನಡಿಯಲ್ಲಿ ಜಯಪುರವನ್ನು ಪಾಠ ಹೇಳುವುದೆಂದು ನಿಶ್ಚಯಿಸಿಕೊಂಡೆ.

ಮೊಂಬಾಸಾದಲ್ಲಿ ನನಗೆ ದೊರೆತದ್ದು ಒಂದೇ ದಿನ. ೧೫೯೩ರಲ್ಲಿ ಪೋರ್ಚುಗೀಸರು ಕಟ್ಟಲು ಆರಂಭಿಸಿದ ಫೋರ್ಟ್ ಜೀಸಸ್ ಕೋಟೆಯನ್ನೂ, ಹಳೆಯ ಬಂದರಿನಲ್ಲಿ ಹಾಯಿ ಇಳಿಸಿ ನಿಂತ ಮರದ ಹಡಗುಗಳನ್ನೂ, ಗುಜರಾತಿ ಅಕ್ಷರಗಳ ಫಲಕ ಹೊತ್ತ ಅಂಗಡಿಗಳನ್ನೂ ನೋಡಿದೆ. ಅಲ್ಲಿಂದ ವಿಕ್ಟೋರಿಯಾ ಸರೋವರದವರೆಗೆ ೧೮೯೬ರಿಂದ ೧೯೦೧ರ ವರೆಗೆ ರೈಲು ಹಾದಿಯನ್ನು ಹಾಕಿದವರು ಭಾರತದಿಂದ ಕರೆದೊಯ್ದ ಮೂವತ್ತು ಸಾವಿರಕ್ಕೂ ಹೆಚ್ಚು ಕೂಲಿಗಳು. ಅವರಲ್ಲಿ ಎರಡು ಸಾವಿರಕ್ಕೂ ಹೆಚ್ಚು ಮಂದಿ ಅಲ್ಲಿಯೇ ಮಡಿದರು. ವಿದೇಶಕ್ಕೆ ನಮ್ಮವರು ವಿದ್ಯೆಗಾಗಿ ಹೋಗುವ ಮೊದಲೇ ದುಡಿಮೆಗಾಗಿ ಹೋಗಿದ್ದರೆಂಬುದು ಅಲ್ಲಿ ನಿಂತಾಗ ಮನಸ್ಸಿಗೆ ನಾಟಿತು.

ನಮ್ಮ ಹಡಗಿನ ಹೆಸರು ‘ಯೂನಿವರ್ಸ್ ಎಕ್ಸ್‌ಪ್ಲೋರರ್’. ಸುಮಾರು ಆರುನೂರು ವಿದ್ಯಾರ್ಥಿಗಳು, ಅಧ್ಯಾಪಕರು, ಅವರ ಮನೆಮಂದಿ, ಕಲಿಯುವ ಹಂಬಲದಿಂದ ಬಂದ ಕೆಲವರು ವಯೋವೃದ್ಧರು, ಇವರೆಲ್ಲರ ಯೋಗಕ್ಷೇಮ ನೋಡುವ ನೌಕರವರ್ಗ. ಗ್ರಂಥಾಲಯದ ಕಪಾಟುಗಳಲ್ಲಿ ಪುಸ್ತಕಗಳು ಉರುಳಿ ಬೀಳದಂತೆ ಅಡ್ಡಪಟ್ಟಿಗಳಿದ್ದವು. ಕರಿಹಲಗೆಯ ಮುಂದೆ ನಿಂತವನು ಹಡಗಿನ ಓಲಾಟಕ್ಕೆ ತಕ್ಕಂತೆ ಒಮ್ಮೆ ಈ ಕಾಲಿಗೆ, ಒಮ್ಮೆ ಆ ಕಾಲಿಗೆ ಭಾರ ಕೊಟ್ಟು ನಿಲ್ಲಬೇಕು. ಗದ್ದೆಯ ಬದುವಿನ ಮೇಲೆ ನಡೆದು ಬೆಳೆದವರಿಗೆ ಅದು ಕಷ್ಟವಾಗಲಾರದು. ಮೂಡಣಕ್ಕೆ ಸಾಗಿದಂತೆಲ್ಲ ಎರಡು ದಿನಕ್ಕೋ ಮೂರು ದಿನಕ್ಕೋ ಒಮ್ಮೆ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುವರು. ಕಡೆಯ ಸಲ ಅರ್ಧ ಗಂಟೆ ಮಾತ್ರ ತಿರುಗಿಸಿದಾಗ ವಿದ್ಯಾರ್ಥಿಗಳು ಏಕೆಂದು ಕೇಳಿದರು. ಭಾರತದ ಕಾಲಮಾನವನ್ನು ಎಂಬತ್ತೆರಡೂವರೆ ಡಿಗ್ರಿ ರೇಖಾಂಶಕ್ಕೆ ಅನುಸಾರವಾಗಿ ನಿಗದಿ ಮಾಡಿರುವುದರಿಂದ ಆ ಅರ್ಧ ಗಂಟೆ ಬಂದಿದೆಯೆಂದು ವಿವರಿಸುವುದೇ ಒಂದು ಪಾಠವಾಯಿತು.

ಮೊದಲನೆಯ ದಿನ ಎಲ್ಲ ವಿದ್ಯಾರ್ಥಿಗಳಿಗೂ ಕಡ್ಡಾಯವಾದ ಸಾಮಾನ್ಯ ಪಾಠದಲ್ಲಿ ನಾನು ಗಾಳಿಯಿಂದ ಆರಂಭಿಸಿದೆ. ನಾವು ಸಾಗುತ್ತಿದ್ದುದು ಬಹುಮಟ್ಟಿಗೆ ವಾಸ್ಕೋ ಡ ಗಾಮ ಸಾಗಿದ ಹಾದಿ. ೧೪೯೮ರ ಏಪ್ರಿಲ್ ಕೊನೆಯಲ್ಲಿ, ಮೊಂಬಾಸಾಕ್ಕೆ ಉತ್ತರದ ಮಾಲಿಂದಿಯಲ್ಲಿ ದಾರಿಬಲ್ಲ ಮಾರ್ಗದರ್ಶಕನೊಬ್ಬನನ್ನು ಹತ್ತಿಸಿಕೊಂಡು ಹೊರಟ ಅವನು ಒಂದು ತಿಂಗಳೊಳಗೆ ಕಲ್ಲಿಕೋಟೆಯ ತೀರವನ್ನು ಮುಟ್ಟಿದನು. ಹಿಂದಿರುಗುವಾಗ ಗಾಳಿಯ ಗತಿಯನ್ನು ಲೆಕ್ಕಿಸದೆ ಹೊರಟುದರಿಂದ ಅದೇ ಕಡಲನ್ನು ದಾಟಲು ಸುಮಾರು ಮೂರು ತಿಂಗಳು ಹಿಡಿಯಿತು. ಅವನ ನಾವಿಕರಲ್ಲಿ ಅನೇಕರು ರೋಗಕ್ಕೆ ತುತ್ತಾದರು. ಅವನಿಗಿಂತ ಎಷ್ಟೋ ಶತಮಾನಗಳ ಹಿಂದಿನಿಂದ ಅರಬರೂ ಗುಜರಾತಿನವರೂ ನಮ್ಮ ಕರಾವಳಿಯವರೂ ಗಾಳಿ ತಿರುಗುವ ಕಾಲವನ್ನು ಕಾದು ಹೋಗಿ, ಕಾದು ಬರುತ್ತಿದ್ದರು. “ಜೂನಿನಲ್ಲಿ ಇದೇ ನೀರಿನ ಮೇಲಿಂದ ಬೀಸುವ ಗಾಳಿ ನಮ್ಮ ಊರಿನ ಬೆಟ್ಟಗಳಿಗೆ ಬಡಿಯುತ್ತದೆ. ನಮ್ಮ ನೆರೆಯ ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ನನ್ನ ಊರಿನ ಮಳೆ ಈಗ ನಿಮ್ಮ ಹಡಗಿನ ಕೆಳಗಿದೆ” ಎಂದೆ. ಸಭೆ ಒಂದು ಕ್ಷಣ ಸ್ತಬ್ಧವಾಯಿತು. ಹಲವರು ಎದ್ದು ಹೋಗುವಾಗ ಹಡಗಿನ ಅಂಚಿನಲ್ಲಿ ನಿಂತು ಕೆಳಗೆ ನೋಡಿದುದನ್ನು ಕಂಡೆ.

ಎರಡನೆಯ ಪಾಠ ನಮ್ಮ ಮನೆಯ ಹಿತ್ತಲಿನದು. ಜಯಪುರವೆಂದರೆ ಹೊರಗಿನವರ ಕಣ್ಣಿಗೆ ಕಾಡಿನ ನಡುವಣ ಮೂಲೆಯ ಊರು. ಆದರೆ ಆ ಹಿತ್ತಲಿನ ಗಿಡಗಳನ್ನೊಮ್ಮೆ ಎಣಿಸಿ ನೋಡಬೇಕು. ಕಾಫಿಯನ್ನು ಅರಬ್ ದೇಶದ ಮೋಕಾದಿಂದ ಬಾಬಾ ಬುಡನ್ ಅವರು ಚಂದ್ರದ್ರೋಣ ಪರ್ವತಕ್ಕೆ ತಂದರೆಂದು ನಮ್ಮ ಜಿಲ್ಲೆಯ ಐತಿಹ್ಯ. ಮೆಣಸಿನಕಾಯಿಯೂ ಗೋಡಂಬಿಯೂ ಪೋರ್ಚುಗೀಸರ ಹಡಗುಗಳಲ್ಲಿ ಅಮೆರಿಕ ಖಂಡದಿಂದ ಬಂದವು. ಅವು ವಿದ್ಯಾರ್ಥಿಗಳ ದಿಕ್ಕಿನವೇ ಹೊರತು ನಮ್ಮವಲ್ಲ. ಕರಿಮೆಣಸು ನಮ್ಮದು; ಅದನ್ನರಸಿಯೇ ಪಶ್ಚಿಮದವರು ಬಂದರು. ಅಡಿಕೆಗೆ ಮಳೆಗಾಲದಲ್ಲಿ ಕೊಳೆರೋಗ ಬರುತ್ತದೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮೈಸೂರು ಸರ್ಕಾರದ ಸೇವೆಗೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅವರು ಮಲೆನಾಡಿನ ತೋಟಗಳಲ್ಲಿ ತಿರುಗಿ, ಆ ರೋಗದ ಮೂಲವನ್ನು ಅಧ್ಯಯನ ಮಾಡಿ, ಬೋರ್ಡೋ ದ್ರಾವಣವನ್ನು ಸಿಂಪಡಿಸುವ ವಿಧಾನವನ್ನು ಕಲಿಸಿದರು. ಮೈಲುತುತ್ತ ಮತ್ತು ಸುಣ್ಣದ ಆ ಮದ್ದು ಹುಟ್ಟಿದ್ದು ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿ. ಇಂದಿಗೂ ನಮ್ಮ ಕೊನೆಗಾರರು ತೋಳೆತ್ತರದ ಮರವನ್ನಲ್ಲ, ಐವತ್ತು ಅರವತ್ತು ಅಡಿಯ ಮರವನ್ನು ಮಳೆಯಲ್ಲೇ ಹತ್ತಿ ಆ ಮದ್ದನ್ನು ಹೊಡೆಯುತ್ತಾರೆ. ಹೀಗೆ ಯೆಮನ್, ಅಮೆರಿಕ, ಫ್ರಾನ್ಸ್, ಕೆನಡಾಗಳು ಒಂದೇ ಹಿತ್ತಲಿನಲ್ಲಿ ಸೇರಿವೆ. ಮೂಲೆಯ ಊರೆಂಬುದು ಭೂಪಟದಲ್ಲಿ ಎಲ್ಲಿಯೂ ಇಲ್ಲ ಎಂದು ಹೇಳಿ ಆ ಪಾಠವನ್ನು ಮುಗಿಸಿದೆ.

ಮೂರನೆಯ ಪಾಠ ಸಮಾಜವನ್ನು ಕುರಿತದ್ದು. ನಮ್ಮ ಊರಿನಿಂದ ಬಸ್ಸು ಹತ್ತಿದರೆ ಒಂದು ಕಡೆ ತುಂಗೆಯ ದಡದಲ್ಲಿ ಶೃಂಗೇರಿ, ಇನ್ನೊಂದು ಕಡೆ ಭದ್ರೆಯ ದಡದಲ್ಲಿ ಬಾಳೆಹೊನ್ನೂರಿನ ರಂಭಾಪುರಿ ಪೀಠ, ಮುಂದೆ ನರಸಿಂಹರಾಜಪುರದ ಸಿಂಹನಗದ್ದೆಯಲ್ಲಿ ಜೈನ ಬಸದಿ. ನಮ್ಮ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿಯೇ ೧೯೦೪ರಲ್ಲಿ ಕುವೆಂಪು ಅವರು ಜನಿಸಿದರು. ಮೂರು ಪರಂಪರೆಗಳ ಪೀಠಗಳು ಅರ್ಧ ದಿನದ ಪ್ರಯಾಣದೊಳಗೆ ನೆರೆಹೊರೆಯಾಗಿರುವುದನ್ನು ಹೇಳಿ, ಹನ್ನೆರಡನೆಯ ಶತಮಾನದ ಶರಣರ ಕಾಯಕ, ದಾಸೋಹಗಳೆಂಬ ಎರಡು ಪದಗಳನ್ನು ಕರಿಹಲಗೆಯ ಮೇಲೆ ಬರೆದೆ. ದುಡಿದು ಗಳಿಸುವುದು, ಗಳಿಸಿದುದನ್ನು ಹಂಚಿ ಉಣ್ಣುವುದು. ನಾನು ಓದಿದುದು ಅಂಥ ಹಂಚಿಕೆಯ ಅನ್ನದಿಂದ ಎಂದೆ.

ಆಗ ಹಿಂದಿನ ಸಾಲಿನಿಂದ ಕರಿಯ ಜನಾಂಗದ ವಿದ್ಯಾರ್ಥಿಯೊಬ್ಬನು ಎದ್ದು ನಿಂತನು. “ಎಂಟುನೂರು ವರ್ಷಗಳ ಹಿಂದೆಯೇ ಸಮಾನತೆಯನ್ನು ಸಾರಿದ್ದರೆ, ನಿಮ್ಮ ಊರಿನಲ್ಲಿ ಎಲ್ಲ ಜಾತಿಯವರಿಗೂ ಅಡಿಕೆ ತೋಟವಿದೆಯೇ?” ಎಂದು ಕೇಳಿದನು. ಅವನ ಧ್ವನಿಯಲ್ಲಿ ಕುಹಕವಿರಲಿಲ್ಲ; ತನ್ನ ದೇಶದ ಚರಿತ್ರೆಯಿಂದಲೇ ಹುಟ್ಟಿದ ಪ್ರಶ್ನೆ ಅದು. ಇಲ್ಲವೆಂದು ಹೇಳಿದೆ. ೧೯೭೪ರಲ್ಲಿ ಜಾರಿಗೆ ಬಂದ ಭೂಸುಧಾರಣೆಯಿಂದ ಅನೇಕ ಗೇಣಿದಾರರು ಉಳುವ ನೆಲಕ್ಕೆ ಒಡೆಯರಾದುದನ್ನೂ, ಕಾಫಿಯೇ ಮೊದಲಾದ ತೋಟಗಳು ಆ ಮಿತಿಯಿಂದ ಹೊರಗುಳಿದುದನ್ನೂ, ಕೂಲಿಯ ಲಾಯಿನುಗಳಲ್ಲಿ ವಾಸಿಸುವವರಿಗೆ ಸ್ವಂತ ನೆಲವಿಲ್ಲದುದನ್ನೂ ಮುಚ್ಚಿಡದೆ ತಿಳಿಸಿದೆ. ಇನ್ನೊಬ್ಬ ವಿದ್ಯಾರ್ಥಿನಿ, “ನಿಮ್ಮ ಪ್ರಸಾದ ನಿಲಯದಲ್ಲಿ ಹುಡುಗಿಯರಿದ್ದರೇ?” ಎಂದಳು. ನನ್ನ ಕಾಲದಲ್ಲಿ ಇರಲಿಲ್ಲ ಎಂದೆ. ತನ್ನ ನಾಡಿನ ಹಿರಿಮೆಯನ್ನು ಹೇಳಲು ಹೋದವನು ಅದರ ಕೊರತೆಯನ್ನೂ ಹೇಳಬೇಕಾಗಿ ಬಂದಾಗ ಮೊದಲು ಮನಸ್ಸು ಹಿಂಜರಿಯುತ್ತದೆ. ಆದರೆ ಆ ದಿನದಿಂದ ವಿದ್ಯಾರ್ಥಿಗಳು ನನ್ನ ಊಟದ ಮೇಜಿಗೆ ಕುರ್ಚಿ ಎಳೆದುಕೊಂಡು ಬಂದು ಕೂರತೊಡಗಿದರು. ನಿಜವನ್ನು ಹೇಳಿದ ಅಧ್ಯಾಪಕನ ಬಳಿಗೆ ಮಕ್ಕಳು ಬರುತ್ತಾರೆ. ಇದು ಸಮುದ್ರದ ಮೇಲೂ ಸತ್ಯ, ಮಲೆನಾಡಿನಲ್ಲೂ ಸತ್ಯ.

ಐದಾರು ದಿನಗಳ ಅನಂತರ ಹಡಗು ಶ್ರೀಲಂಕೆಯ ದಕ್ಷಿಣವನ್ನು ಬಳಸಿ ಉತ್ತರಕ್ಕೆ ತಿರುಗಿತು. ರಾಮಸೇತುವಿನ ಬಳಿ ಸಮುದ್ರ ಬಹಳ ಆಳವಿಲ್ಲದುದರಿಂದ ದೊಡ್ಡ ಹಡಗುಗಳಿಗೆ ನೇರ ಹಾದಿಯಿಲ್ಲ. ದ್ವೀಪವನ್ನು ಸುತ್ತಿಯೇ ಹೋಗಬೇಕು. ನಾವು ಬಂಗಾಳ ಕೊಲ್ಲಿಯನ್ನು ಪ್ರವೇಶಿಸಿದ್ದೆವು. ಇಳಿಯುವುದರ ಹಿಂದಿನ ದಿನದ ಪಾಠಕ್ಕೆ ನಮ್ಮ ಮೇಷ್ಟ್ರ ನಕ್ಷೆಯನ್ನು ಇಟ್ಟುಕೊಂಡಿದ್ದೆ. ಗಂಗಾಮೂಲದಲ್ಲಿ ಹುಟ್ಟುವ ತುಂಗೆ ಮತ್ತು ಭದ್ರೆ. ಅವೆರಡರ ನಡುವಣ ನಾಡು ನಮ್ಮದು. ಅದೇ ಬೆಟ್ಟಸಾಲಿನ ನೇತ್ರಾವತಿ ಪಡುವಣಕ್ಕೆ ಇಳಿದು ಮಂಗಳೂರಿನಲ್ಲಿ ಬೇಗನೆ ಕಡಲನ್ನು ಸೇರಿದರೆ, ತುಂಗಭದ್ರೆಗಳು ಮೂಡಣಕ್ಕೆ ಮುಖ ಮಾಡಿ ಕೂಡಲಿಯಲ್ಲಿ ಸೇರುತ್ತವೆ. ಹೊಸಪೇಟೆಯ ಅಣೆಕಟ್ಟಿನಲ್ಲಿ ತಂಗಿ, ಹಂಪೆಯನ್ನು ನೋಡಿ, ಮಂತ್ರಾಲಯ, ಕರ್ನೂಲುಗಳನ್ನು ದಾಟಿ, ಕೃಷ್ಣೆಯೊಡನೆ ಬೆರೆತು, ಶ್ರೀಶೈಲವನ್ನು ಹಾದು, ಹಂಸಲದೀವಿಯಲ್ಲಿ ಈ ಕೊಲ್ಲಿಯನ್ನು ಸೇರುತ್ತವೆ.

ಅಲ್ಲಿಗೆ ನಿಲ್ಲಿಸದೆ ಇನ್ನೊಂದು ಮಾತು ಹೇಳಿದೆ. ಮದ್ರಾಸು ಎಂದಿದ್ದ ಹೆಸರು ಚೆನ್ನೈ ಎಂದಾದುದು ೧೯೯೬ರಲ್ಲಿ. ಅದೇ ವರ್ಷ ಆ ನಗರದ ಪಾಲಿಗೆ ಇನ್ನೊಂದು ದೊಡ್ಡ ಘಟನೆಯೂ ನಡೆಯಿತು. ತೆಲುಗು ಗಂಗಾ ಯೋಜನೆಯ ಕಾಲುವೆಯ ಮೂಲಕ ಶ್ರೀಶೈಲದಿಂದ ಹೊರಟ ಕೃಷ್ಣೆಯ 
ನೀರು ಮೊದಲ ಬಾರಿಗೆ ಪೂಂಡಿ ಜಲಾಶಯವನ್ನು ತಲಪಿತು. ಬಾಯಾರಿದ ಆ ನಗರಕ್ಕಾಗಿ ಮಹಾರಾಷ್ಟ್ರ, ಕರ್ನಾಟಕ, ಆಂಧ್ರಪ್ರದೇಶಗಳು ತಮ್ಮ ತಮ್ಮ ಪಾಲಿನಿಂದ ತಲಾ ಐದು ಟಿ.ಎಂ.ಸಿ. ನೀರನ್ನು ಬಿಟ್ಟುಕೊಡಲು ಒಪ್ಪಿದುದರ ಫಲವದು. ದಾರಿಯಲ್ಲಿ ಆವಿಯಾಗುವುದನ್ನು ಕಳೆದು ಹನ್ನೆರಡು ಟಿ.ಎಂ.ಸಿ. ಚೆನ್ನೈಗೆ ಸಲ್ಲಬೇಕೆಂದು ಒಪ್ಪಂದ. “ನಾಳೆ ನೀವು ಆ ನಗರದಲ್ಲಿ ನಲ್ಲಿ ತಿರುಗಿಸಿದರೆ ಬರುವ ನೀರಿನಲ್ಲಿ ನನ್ನ ಊರಿನ ಮಾಡಿನಿಂದ ಬಿದ್ದ ಒಂದು ಹನಿಯೂ ಇದ್ದೀತು. ನೀವು ಐದು ದಿನಗಳಲ್ಲಿ ಭಾರತವನ್ನೆಲ್ಲ ನೋಡಲಾರಿರಿ. ಯಾವುದಾದರೂ ಒಂದು ವಸ್ತುವನ್ನು ನೋಡಿ, ಇದು ಎಲ್ಲಿಂದ ಬಂದಿತು, ಎಲ್ಲಿಗೆ ಹೋಗುತ್ತದೆ, ಇದಕ್ಕಾಗಿ ದುಡಿದವರು ಯಾರು ಎಂದು ಕೇಳಿರಿ. ಅಷ್ಟು ಸಾಕು” ಎಂದು ಹೇಳಿ ಕೈಮುಗಿದೆ.

ಚೆನ್ನೈಯಲ್ಲಿ ಇಳಿದ ಮೇಲೆ ನನ್ನ ಕರ್ತವ್ಯ ಮುಗಿದಿತ್ತು. ಆದರೂ ಪಾಠದ ಫಲವೇನೆಂದು ತಿಳಿಯುವ ಆಸೆಯಿಂದ ನೆಂಟರ ಮನೆಯಲ್ಲಿ ತಂಗಿದ್ದು, ಹಡಗು ಹೊರಡುವ ಸಂಜೆ ಬಂದರಿಗೆ ಹೋದೆ. ಆಗ್ರಾಕ್ಕೆ ಹೋಗಿ ಬಂದ ಯುವಕನೊಬ್ಬನು ತಾಜಮಹಲಿನ ಅಂದವನ್ನು ವರ್ಣಿಸುವ ಬದಲು, ಅದರ ಅಮೃತಶಿಲೆ ರಾಜಸ್ಥಾನದ ಮಕರಾಣದಿಂದ ಬಂದಿತೆಂದೂ, ಅಲ್ಲಿ ಇಂದಿಗೂ ಕಲ್ಲು ತೆಗೆಯುತ್ತಾರೆಂದೂ ಕೇಳಿ ತಿಳಿದುಕೊಂಡುದನ್ನು ಹೇಳಿದನು. ಪ್ರಸಾದ ನಿಲಯದಲ್ಲಿ ಹುಡುಗಿಯರಿದ್ದರೇ ಎಂದು ಕೇಳಿದ್ದ ವಿದ್ಯಾರ್ಥಿನಿ ಕಾಂಚೀಪುರದ ಬಳಿಯ ಹಳ್ಳಿಯೊಂದರಲ್ಲಿ ಎರಡು ದಿನ ಇದ್ದು ಬಂದಿದ್ದಳು. ಆ ಮನೆಯ ತಾಯಿ ನೀರು ತರುವಾಗ ಜೊತೆಗೆ ಹೋಗಿ, ಊರ ಕೆರೆ ಯಾವಾಗ ತುಂಬುತ್ತದೆ, ತುಂಬದ ವರ್ಷ ಏನು ಮಾಡುತ್ತಾರೆ ಎಂಬುದನ್ನೆಲ್ಲ ದ್ವಿಭಾಷಿಯ ಮೂಲಕ ಕೇಳಿ ನಾಲ್ಕು ಪುಟ ಬರೆದುಕೊಂಡಿದ್ದಳು. ನನಗೆ ಸಂದ ಗುರುದಕ್ಷಿಣೆ ಅದು.

ಅವಳೇ ಹಡಗು ಹತ್ತುವ ಮುನ್ನ, “ನಿಮ್ಮ ಊರಿನ ವಿದ್ಯಾರ್ಥಿಗಳು ನಮ್ಮ ಊರನ್ನು ನೋಡಲು ಯಾವಾಗ ಬರುತ್ತಾರೆ?” ಎಂದು ಕೇಳಿದಳು. ಎಲ್ಲ ಪ್ರಶ್ನೆಗಳಿಗಿಂತ ಕಠಿನವಾದ ಪ್ರಶ್ನೆ ಅದು. ಆ ಹಡಗಿನಲ್ಲಿ ಒಬ್ಬ ವಿದ್ಯಾರ್ಥಿ ತೆರುವ ಶುಲ್ಕದಿಂದ ನಮ್ಮ ಕಡೆಯ ಸಣ್ಣ ಬೆಳೆಗಾರನ ಸಂಸಾರ ಎಷ್ಟೋ ವರ್ಷ ಸಾಗುತ್ತಿತ್ತು. ಅಮೆರಿಕದ ಮಾತು ಹಾಗಿರಲಿ, “ನಮ್ಮ ಮಕ್ಕಳಲ್ಲಿ ಅನೇಕರು ಇನ್ನೂ ಸಮುದ್ರವನ್ನೇ ನೋಡಿಲ್ಲ” ಎಂದು ಉತ್ತರ ಕೊಟ್ಟೆ. ಘಟ್ಟವಿಳಿದರೆ ಕೆಲವೇ ತಾಸುಗಳ ಹಾದಿ, ಆದರೂ ನೋಡಿಲ್ಲ. ದೇಶ ಸುತ್ತಿ ಕೋಶ ಓದುವುದು ಹಣವುಳ್ಳವರ ಮಕ್ಕಳಿಗೆ ಮಾತ್ರ ಮೀಸಲಾಗಬಾರದೆಂದು ನನಗೆ ದೃಢವಾಗಿ ಅನ್ನಿಸಿದುದು ಆ ಬಂದರಿನ ಕಟ್ಟೆಯ ಮೇಲೆ.

ಮರುವರ್ಷದಿಂದ ಗೆಳೆಯರಾದ ಕೆಲವು ಅಧ್ಯಾಪಕರೊಡನೆ ಸೇರಿ ನಮ್ಮ ಕಡೆಯ ಪ್ರೌಢಶಾಲೆಯ ಮಕ್ಕಳಿಗಾಗಿ ಒಂದು ಪ್ರವಾಸವನ್ನು ಆರಂಭಿಸಿದೆ. ದೇವಸ್ಥಾನ ನೋಡಿ, ಫೋಟೋ ತೆಗೆಸಿಕೊಂಡು ಬರುವ ಪ್ರವಾಸವಲ್ಲ. ಹಡಗಿನಲ್ಲಿ ಕಂಡ ಕ್ರಮವನ್ನೇ ಬಸ್ಸಿಗೆ ಅಳವಡಿಸಿದೆವು: ಚಲಿಸುವಾಗ ಪಾಠ, ನಿಂತಲ್ಲಿ ಪರೀಕ್ಷೆ. ಗಂಗಾಮೂಲದ ಬೆಟ್ಟಸಾಲಿನಿಂದ ಆರಂಭಿಸಿ ಹೊಳೆಯ ಜೊತೆಯಲ್ಲಿಯೇ ಶೃಂಗೇರಿ, ತೀರ್ಥಹಳ್ಳಿ, ಕೂಡಲಿ, ಹೊಸಪೇಟೆಯವರೆಗೆ. ಹಿಂದಿರುಗಿ ಘಟ್ಟವಿಳಿದು ಮಲ್ಪೆಯ ಕಡಲಿಗೆ. ಅಡಿಕೆ ಮಂಡಿಯ ವರ್ತಕರೊಬ್ಬರು ಬಸ್ಸಿನ ವೆಚ್ಚವನ್ನು ವಹಿಸಿಕೊಂಡರು. ಅಕ್ಕಿ ಬೇಳೆಗಳನ್ನು ಮಕ್ಕಳ ಮನೆಯವರೇ ಕೊಟ್ಟರು. ತಂಗಲು ದಾರಿಯ ಮಠಗಳೂ ಶಾಲೆಗಳೂ ಬಾಗಿಲು ತೆರೆದವು. ಮೊದಲ ವರ್ಷ ಮಲ್ಪೆಯಲ್ಲಿ ಕಡಲನ್ನು ಕಂಡು ಎಲ್ಲರೂ ಅಲೆಗೆ ಓಡಿದಾಗ, ತೋಟದ ಕೂಲಿಯವರ ಮಗಳೊಬ್ಬಳು ಮಾತ್ರ ನಿಂತು ನೋಡುತ್ತಿದ್ದಳು. ಬಳಿಗೆ ಹೋದೆ. “ಸಾರ್, ನಮ್ಮ ಹೊಳೆ ಈ ಸಮುದ್ರಕ್ಕೆ ಬರುವುದಿಲ್ಲವಲ್ಲ. ಆದರೆ ನಮ್ಮ ಮಳೆ ಈ ಸಮುದ್ರದಿಂದಲೇ ಬರುತ್ತದೆಯಲ್ಲ. ಹಾಗಾದರೆ ನಾವು ಇವರಿಗೆ ಏನು ಕೊಟ್ಟಹಾಗಾಯಿತು?” ಎಂದಳು.

ಎರಡು ಖಂಡಗಳ ನಡುವೆ ಆರುನೂರು ವಿದ್ಯಾರ್ಥಿಗಳಿಗೆ ಪಾಠ ಹೇಳಿ ಬಂದವನಿಗೆ ಅಷ್ಟು ಒಳ್ಳೆಯ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಪಡುವಣ ಕಡಲು ಕೊಟ್ಟುದನ್ನು ಮಲೆನಾಡು ತನ್ನಲ್ಲೇ ಇಟ್ಟುಕೊಳ್ಳುವುದಿಲ್ಲ. ತನಗೆ ಬೇಕಾದಷ್ಟನ್ನು ಉಂಡು ಉಳಿದುದನ್ನು ಮೂಡಣದ ಬಯಲಿಗೆ ಕಳುಹಿಸುತ್ತದೆ. ಕೊಟ್ಟವರಿಗೇ ಹಿಂದಿರುಗಿಸಬೇಕೆಂಬ ನಿಯಮವಿಲ್ಲ. ಮುಂದಿನವರಿಗೆ ದಾಟಿಸಬೇಕೆಂಬುದೇ ನಿಯಮ. ದಾಸೋಹವೆಂದರೆ ಇದೇ ಎಂದು ನಾನು ಅವಳಿಗೆ ಹೇಳಿದೆ. ಅವಳು ಮುಂದೆ ಓದಿ ಶಿಕ್ಷಕಿಯಾಗಿದ್ದಾಳೆಂಬುದನ್ನು ತಿಳಿಸಲು ನನಗೆ ಸಂತೋಷವಾಗುತ್ತದೆ.

ನಾನು ಪಾಠ ಹೇಳಿದ ಹಡಗು ಇಂದು ಇಲ್ಲ. ೨೦೦೪ರಲ್ಲಿ ಅದರ ಸೇವೆ ಮುಗಿದು, ಒಡೆಯುವುದಕ್ಕಾಗಿ ಗುಜರಾತಿನ ಅಲಂಗ್ ತೀರಕ್ಕೆ ಬಂದಿತು. ಭಾರತವನ್ನು ತೋರಿಸಲು ಮಕ್ಕಳನ್ನು ಹೊತ್ತು ತರುತ್ತಿದ್ದ ಹಡಗಿಗೆ ಭಾರತದ ತೀರವೇ ಕಡೆಯ ಬಂದರಾಯಿತು. ನಮ್ಮ ಬಸ್ಸಿನ ಪ್ರವಾಸವೂ ಆರು ವರ್ಷ ನಡೆದು, ಮುಂದಾಳಾಗಿದ್ದವರು ನಿವೃತ್ತರಾದ ಮೇಲೆ ನಿಂತುಹೋಯಿತು. ಆದರೆ ಹಡಗು ಹೋದ ಮೇಲೂ ಬೇರೆ ಹಡಗುಗಳಲ್ಲಿ ಆ ವಿದ್ಯಾಕಾರ್ಯ ಮುಂದುವರಿದಂತೆ, ನಮ್ಮದೂ ಮತ್ತೆ ಆರಂಭವಾಗಬಾರದೆಂದೇನೂ ಇಲ್ಲ.

ಆದುದರಿಂದ ಈ ಸಂಚಿಕೆಯನ್ನು ಓದುವ ಮಹನೀಯರಲ್ಲಿ ನನ್ನದೊಂದು ವಿಜ್ಞಾಪನೆ. ಶಾಲೆಗೆ ಕೊಠಡಿಗಳನ್ನು ಕಟ್ಟಿಸಿಕೊಟ್ಟ ಪುಣ್ಯಾತ್ಮರ ಹೆಸರುಗಳು ಗೋಡೆಯ ಮೇಲೆ ಶೋಭಿಸುತ್ತಿವೆ. ಅವರ ಋಣ ದೊಡ್ಡದು. ಇನ್ನು ಮುಂದೆ ಗೋಡೆಗಳಿಲ್ಲದ ಒಂದು ಕೊಠಡಿಗಾಗಿಯೂ ನಿಧಿಯೊಂದು ಸ್ಥಾಪನೆಯಾಗಲಿ. ವರ್ಷಕ್ಕೊಮ್ಮೆ ಒಂಬತ್ತನೆಯ ತರಗತಿಯ ಎಲ್ಲ ಮಕ್ಕಳೂ, ಹಣವಿರಲಿ ಇಲ್ಲದಿರಲಿ, ಹುಡುಗರೂ ಹುಡುಗಿಯರೂ, ಹೊಳೆಯ ಹುಟ್ಟಿನಿಂದ ಕಡಲಿನವರೆಗೆ ಹತ್ತು ದಿನ ಸಂಚರಿಸಿ ಬರಲಿ. ಒಂದು ಬಸ್ಸು, ಒಬ್ಬ ಅಡಿಗೆಯವರು, ಇಬ್ಬರು ಮೂವರು ಉತ್ಸಾಹಿ ಅಧ್ಯಾಪಕರು ಇಷ್ಟು ಸಾಕು. ಹಳೆಯ ವಿದ್ಯಾರ್ಥಿಗಳು ನಾಡಿನ ಎಲ್ಲ ಕಡೆಗಳಲ್ಲಿಯೂ ನೆಲೆಸಿದ್ದಾರೆ. ಮಕ್ಕಳು ತಮ್ಮ ಊರಿಗೆ ಬಂದ ದಿನ ಅವರೇ ‘ಬಂದರುಗಳ ನಡುವಣ ಉಪನ್ಯಾಸಕ’ರಾಗಿ ಬಸ್ಸು ಹತ್ತಿ, ತಾವು ಬಲ್ಲ ನೆಲದ ಪಾಠವನ್ನು ಹೇಳಬಹುದು. ಅಧ್ಯಾಪಕ ಮಿತ್ರರಲ್ಲಿ ಇನ್ನೊಂದು ಮಾತು: ಪ್ರವಾಸ ಏರ್ಪಡುವ ವರೆಗೆ ಕಾಯಬೇಕಾಗಿಲ್ಲ. ಮಳೆ ಹಿಡಿದ ದಿನ ಮಕ್ಕಳನ್ನು ಜಗುಲಿಗೆ ಕರೆತನ್ನಿರಿ.